ಹಪ್ಪಳ ಇಟ್ಟು ಮನೆ ನೋಡಿದ್ದು

ಮನೆ ಸಿಕ್ಕಿತು! ಆಲೂರಿನಲ್ಲಿ, ಮೊದಲನೇ ಮಹಡಿಯಲ್ಲಿ, ಎರಡು ರೂಮು, ಒಂದು ಹಾಲು, ಅಡುಗೆಮನೆ, ಬಟ್ಟೆ ಹರವಲು ಒಂದು ಬಾಲ್ಕನಿ. ಎಲ್ಲಕ್ಕಿಂತ ಹೆಚ್ಚಾಗಿ, ಒಣಗಿದ ಮನೆ. ನನ್ನ ಮೊಮ್ಮಗಳು ಅರಸೀಕೆರೆಗೆ ಹೋಗುವುದಿಲ್ಲ. ಈ ಮಾತನ್ನು ಮೊದಲು ಬರೆದುಬಿಟ್ಟೆ, ಇಲ್ಲದಿದ್ದರೆ ಮಿಕ್ಕಿದ್ದನ್ನು ಬರೆಯುವ ತನಕ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ಮನೆ ಸಿಕ್ಕಿದ ಮಾರನೆಯ ದಿನ ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಅವನು, "ಒಳ್ಳೇದಾಯ್ತು ಬುಡು ಅಜ್ಜಿ, ಆಧಾರ್ ಕಾರ್ಡ್ ತೋರ್ಸು" ಅಂದ. ತೋರಿಸಿ, ಇನ್ನೊಂದು ಸಲ ಹೇಳಿದೆ.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದುತ್ತಾಳೆ. ಅವಳೀಗ ಎರಡನೇ ಕ್ಲಾಸು, ನನಗಿಂತ ಒಂದೇ ಕ್ಲಾಸು ಹಿಂದೆ.

ನಾವು ಇದ್ದದ್ದು ಹೆತ್ತೂರು ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ. ಲೈನೆಂದರೆ ಕೆಲಸದವರಿಗೆ ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳ ಸಾಲು. ನಾನು, ಮಗ, ಸೊಸೆ, ಮೊಮ್ಮಗಳು, ನಾಲ್ಕೇ ಜನ. ಮಗ ಪಿಕಪ್ ಗಾಡಿ ಓಡಿಸುತ್ತಾನೆ, ಕಾಫಿ ಮೂಟೆ ಹೇರಿಕೊಂಡು ಹಾಸನಕ್ಕೆ ಹೋಗಿ ಬರುತ್ತಾನೆ. ಸೊಸೆ ಬಟ್ಟೆ ಹೊಲಿಯುತ್ತಾಳೆ. ಅಲ್ಲಿ ಮಳೆ ಹಿಡಿದರೆ ಉಪ್ಪಿನ ಡಬ್ಬಿಯಲ್ಲಿ ಉಪ್ಪು ಇರುವುದಿಲ್ಲ, ನೀರಿರುತ್ತದೆ. ನನಗೇನೋ ಅದು ಅಭ್ಯಾಸ. ಮೊಮ್ಮಗಳಿಗೆ ಆಗಲಿಲ್ಲ. ಎರಡು ಮಳೆಗಾಲದಿಂದ ಅವಳ ಎದೆಯಲ್ಲಿ ಸುಯ್ ಸುಯ್ ಅಂತ ಸೀಟಿ.

"ಅಜ್ಜೀ, ನನ್ನೊಳಗೆ ಕುಕ್ಕರ್ ಕೂಗ್ತಾ ಐತೆ," ಅನ್ನುತ್ತಿದ್ದಳು. ಅವಳು ನಗುತ್ತಿದ್ದಳು, ನಮಗೆ ನಗು ಬರುತ್ತಿರಲಿಲ್ಲ.

ಸಕಲೇಶಪುರದ ಡಾಕ್ಟರು ಔಷಧಿ ಬರೆದುಕೊಟ್ಟು, "ಮೊದ್ಲು ಮನೆ ಬದಲಾಯಿಸಿ. ಥಂಡಿ ಇಲ್ದೇ ಇರೋ ಮನೆ ನೋಡಿ," ಅಂದರು. ಆ ಸುದ್ದಿ ಅರಸೀಕೆರೆಯಲ್ಲಿರುವ ನನ್ನ ಮಗಳಿಗೆ ಮುಟ್ಟಿತು. ಫೋನು ಮಾಡಿದಳು.

"ಅವ್ವ, ನಮ್ಮೂರಿಗೆ ಮಳೆ ಬರೋದು ನೆಂಟ್ರು ಬಂದಂಗೆ. ಬಂದ್ರೂ ಉಳ್ಕೊಳಲ್ಲ. ಮಗೀನ ನನ್ ತಾವ ಬುಟ್ಬುಡಿ, ಸ್ಕೂಲಿಗೆ ಇಲ್ಲೇ ಸೇರಿಸ್ತೀನಿ. ಮುಂದಿನ ಭಾನುವಾರ ನಾನೇ ಬಂದು ಕರ್ಕೊಂಡು ಹೋಯ್ತೀನಿ."

ನನ್ನ ಮಗಳು ತುಂಬಾ ಒಳ್ಳೆಯವಳು. ಅದೇ ತೊಂದರೆಯಾದದ್ದು. ಕೆಟ್ಟವಳಾಗಿದ್ದರೆ ಬೇಡ ಅನ್ನಬಹುದಿತ್ತು. ಸೋದರತ್ತೆ ಮನೆಯಲ್ಲಿ ಮಗುವಿಗೆ ಒಂದು ಕೊರತೆಯೂ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಬೆಳಿಗ್ಗೆ ಎದ್ದು ನಾನು ಯಾರಿಗೆ ಜಡೆ ಹಾಕಬೇಕು? ಭಾನುವಾರದೊಳಗೆ ಒಂದು ಒಣಗಿದ ಮನೆ ಹುಡುಕಿಯೇ ಸೈ ಅಂತ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಮನೆ ಒಣಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬಾಡಿಗೆಗೆ ಕೊಡುವವರು ಗೋಡೆಗೆ ಹೊಸ ಬಣ್ಣ ಬಳಿದಿರುತ್ತಾರೆ, ಮುಟ್ಟಿ ನೋಡಿದರೆ ಬಣ್ಣವೇ ತಣ್ಣಗಿರುತ್ತದೆ. ಆದರೆ ನಾನು ಮೂವತ್ತು ವರ್ಷ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸಿದವಳು. ಬೀಜ ಕಚ್ಚಿ ನೋಡಿ, ಒಣಗಿದೆಯೋ ಇನ್ನೊಂದು ಬಿಸಿಲು ಬೇಕೋ ಹೇಳುತ್ತಿದ್ದೆ. ಲೆಕ್ಕ ಬರೆಯುವ ರೈಟರು ತೇವ ಅಳೆಯುವ ಮಿಷನ್ನು ಹಿಡಿದು ನೋಡಿದ ಮೇಲೂ, "ಅಜ್ಜಿ ಕಚ್ಚವ್ಳಾ?" ಅಂತ ಕೇಳುತ್ತಿದ್ದರು. ಈಗ ಕಚ್ಚಲು ಹಲ್ಲಿಲ್ಲ, ಗೋಡೆಯನ್ನಂತೂ ಕಚ್ಚಲು ಬರುವುದಿಲ್ಲ. ಅದಕ್ಕೆ ಹಲಸಿನ ಹಪ್ಪಳ ಕರಿದು, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಕೊಂಡೆ. ಮಳೆ ಹೊಯ್ಯುವಾಗ ಹೋಗುವುದು, ರೂಮಿಗೊಂದು ಹಪ್ಪಳ ಇಡುವುದು, ಒಂದು ಕಾಫಿ ಕುಡಿದು ಎಲೆಅಡಿಕೆ ಹಾಕುವಷ್ಟು ಹೊತ್ತು ಕಾಯುವುದು. ಮುರಿದರೆ ಮನೆ, ಮಡಚಿದರೆ ನಮಸ್ಕಾರ.

ಮಗ ತಲೆ ಚಚ್ಚಿಕೊಂಡ. "ಅವ್ವ, ಎಲ್ರೂ ನೀರು ಬತ್ತದಾ, ಕರೆಂಟ್ ಐತಾ ಅಂತ ಕೇಳ್ತಾರೆ. ನೀನು ಹಪ್ಪಳ ಹಿಡ್ಕೊಂಡು ಹೋಯ್ತೀಯಲ್ಲ!"

"ನೀನು ನೀರು ಕೇಳು, ನಾನು ಹಪ್ಪಳ ಕೇಳ್ತೀನಿ," ಅಂದೆ.

ಮೊದಲನೆಯದು ಸಕಲೇಶಪುರದಲ್ಲಿ, ಹೊಳೆ ಕಡೆಯ ಒಂದು ಮನೆ. ನೆಲದ ಮೇಲೇ ಇತ್ತು, ಮೆಟ್ಟಿಲಿರಲಿಲ್ಲ, ನನ್ನ ಮೊಣಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಓನರು ಗಲ್ಲದ ತುಂಬ ಎಲೆಅಡಿಕೆ ತುಂಬಿಕೊಂಡೇ ಮನೆ ಹೊಗಳುತ್ತಿದ್ದ. ನಾನು ಹಪ್ಪಳ ಇಟ್ಟೆ. ಅವನು ಹೊಗಳಿ ಮುಗಿಸುವಷ್ಟರಲ್ಲಿ ಹಪ್ಪಳ ಒದ್ದೆ ಕರ್ಚೀಫಿನ ಹಾಗಾಗಿತ್ತು. ಮೊಮ್ಮಗಳು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡಳು.

"ಅಜ್ಜಿ, ಅದು ಹಪ್ಪಳದ ದೋಷ, ಮನೇದಲ್ಲ," ಅಂದ ಓನರು.

"ಹಪ್ಪಳ ನಮ್ಮನೇದು ಕಣಪ್ಪ, ಮನೆ ನಿಮ್ದು. ಇಬ್ರೂ ನಮ್ ನಮ್ದು ನಾವು ಮಡೀಕಳಾನ," ಅಂತ ಡಬ್ಬಿ ಮುಚ್ಚಿದೆ.

ಎರಡನೆಯದು ದೋಣಿಗಲ್ಲಿನಲ್ಲಿ, ಹೈವೇ ಪಕ್ಕ. ಮಗನಿಗೆ ಬಲು ಇಷ್ಟವಾಯಿತು, ಗಾಡಿ ನಿಲ್ಲಿಸಲು ಅಂಗಳದಷ್ಟು ಜಾಗ ಇತ್ತು. ಹಪ್ಪಳವನ್ನು ರೂಮಿನ ನಡುವೆ ಇಟ್ಟೆ. ಒಂದು ಲಾರಿ ಹೋಯಿತು. ಕಿಟಕಿ ಗಲಗಲ ಅಂದಿತು, ಹಪ್ಪಳ ಒಂದು ಗೇಣು ಮುಂದೆ ಬಂತು. ಇನ್ನೊಂದು ಲಾರಿ ಹೋಯಿತು, ಹಪ್ಪಳ ಇನ್ನೊಂದು ಗೇಣು ಬಂತು. ಮೊಮ್ಮಗಳು ಅದರ ಪಕ್ಕ ಮಂಡಿಯೂರಿ, "ಬಾ ಬಾ ಬಾ" ಅಂತ ಕರೆಯುತ್ತಾ ಬಂದಳು. ಬಾಗಿಲಿನ ತನಕ ನಡೆದು ಬರುವಷ್ಟರಲ್ಲಿ ಅದೂ ಮೆತ್ತಗಾಗಿತ್ತು.

ಸೊಸೆ, "ಅತ್ತೆ, ಇಲ್ಲಿ ನಾನು ಮಿಷನ್ ತುಳಿಯೋದೇ ಬ್ಯಾಡ, ಲಾರಿ ಹೋದಾಗ ಅದೇ ಹೊಲ್ಕಂತದೆ," ಅಂದಳು. ಮಗ ಗಾಡಿ ನಿಲ್ಲಿಸುವ ಜಾಗವನ್ನು ತಿರುಗಿ ತಿರುಗಿ ನೋಡುತ್ತಾ ಹೊರಟ.

ಹೀಗೆ ಶನಿವಾರ ಮುಗಿಯಿತು. ಮೊಮ್ಮಗಳ ಬಟ್ಟೆಯನ್ನು ಸೊಸೆ ಒಂದು ಬ್ಯಾಗಿಗೆ ತುಂಬಿಟ್ಟಳು. ಯಾರೂ ಆ ಬ್ಯಾಗಿನ ಕಡೆ ನೋಡದ ಹಾಗೆ ಓಡಾಡಿದೆವು. ನಾನಂತೂ ಎರಡು ಸಲ ಅದನ್ನೇ ಎಡವಿದೆ.

ಭಾನುವಾರ ಬೆಳಿಗ್ಗೆ ಆಲೂರಿನಲ್ಲಿ ಒಂದು ಮನೆ ಇದೆ ಅಂತ ಮಗನಿಗೆ ಫೋನು ಬಂತು. ಮಗಳು ಆಗಲೇ ಅರಸೀಕೆರೆ ಬಿಟ್ಟಿದ್ದಳು. ನಾಲ್ಕು ಜನವೂ ಡಬ್ಬಿ ಸಮೇತ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಒತ್ತರಿಸಿಕೊಂಡು ಹೋದೆವು. ಮಳೆ ಜೋರಾಗಿತ್ತು. ಮಗಳ ಬಸ್ಸು ಆ ಕಡೆಯಿಂದ ಬರುತ್ತಾ ಇತ್ತು, ನಾವು ಈ ಕಡೆಯಿಂದ ಹೋಗುತ್ತಾ ಇದ್ದೆವು.

ಮೂರು ಅಂತಸ್ತಿನ ಕಟ್ಟಡ, ಎದುರಿಗೆ ಗಾಡಿ ನಿಲ್ಲಿಸಲು ಜಾಗ. ಬಾಡಿಗೆ ಮನೆ ಮೊದಲನೇ ಮಹಡಿಯಲ್ಲಿ, ಪಕ್ಕದ ಬಾಗಿಲಲ್ಲೇ ಓನರ ವಾಸ. ಅವರು ನಿವೃತ್ತ ಮೇಷ್ಟ್ರು. ಮಾತೆಲ್ಲ ಅವರ ಹೆಂಡತಿ ಅಮ್ಮಾವ್ರದು. ಮೆಟ್ಟಿಲು ಹದಿನಾರು, ನಾನೇ ಎಣಿಸಿದೆ, ನನ್ನ ಮೊಣಕಾಲೂ ಎಣಿಸಿತು. ನೆಲಕ್ಕಿಂತ ಮೇಲಿದ್ದರೆ ಥಂಡಿ ಕಡಿಮೆ ಅಂತ ಗೊತ್ತಿದ್ದರಿಂದ ಹಲ್ಲು ಕಚ್ಚಿ, ಅಂದರೆ ಒಸಡು ಕಚ್ಚಿ, ನಗುತ್ತಾ ಹತ್ತಿದೆ.

"ಅಜ್ಜಿಗೆ ಮೆಟ್ಲು ಕಷ್ಟ ಆಗಲ್ವಾ?" ಅಂತ ಮೇಲಿನಿಂದ ಅಮ್ಮಾವ್ರು ಕೇಳಿದರು.

"ಅಯ್ಯೋ, ಹತ್ತೋದು ಅಂದ್ರೆ ನಂಗೆ ಖುಷಿ ಅಮ್ಮಾರೆ," ಅಂದೆ. ಹಿಂದಿನಿಂದ ಸೊಸೆ ನನ್ನ ಸೊಂಟ ಹಿಡಿದು ನೂಕುತ್ತಿದ್ದುದು ಅವರಿಗೆ ಕಾಣಲಿಲ್ಲ.

ನಾನು ನಾಲ್ಕು ಕಡೆ ನಾಲ್ಕು ಹಪ್ಪಳ ಇಟ್ಟೆ. ಅಮ್ಮಾವ್ರು ಕಣ್ಣು ಬಿಟ್ಟುಕೊಂಡು ನೋಡಿದರು. "ಇದೇನು, ಪೂಜೆನಾ?"

"ಪರೀಕ್ಷೆ ಅಮ್ಮಾರೆ. ಒಂಚೂರು ಕಾಯ್ಬೇಕು."

ಹಾಲಿನಲ್ಲಿ ನಿಂತು ಮಾತು ಶುರುವಾಯಿತು. ಎಷ್ಟು ಜನ, ಯಾವ ಊರು, ಮಿಷನ್ ಸದ್ದು ಎಷ್ಟು ಹೊತ್ತಿಗೆ. ಸೊಸೆ ಬಟ್ಟೆ ಹೊಲಿಯುತ್ತಾಳೆ ಅಂದಾಗ ಅಮ್ಮಾವ್ರ ಮುಖ ಸ್ವಲ್ಪ ಅರಳಿತು. "ಯುಗಾದಿಗೆ ಕೊಡ್ತೀನಿ ಅಂದ ಬ್ಲೌಸ್ ಆ ಟೈಲರ್ ಇನ್ನೂ ಕೊಟ್ಟಿಲ್ಲ," ಅಂದರು. ಆಮೇಲೆ ನೆನಪು ಮಾಡಿಕೊಂಡವರ ಹಾಗೆ ಮುಖ ಗಟ್ಟಿ ಮಾಡಿಕೊಂಡರು. "ಆದ್ರೆ ಮಧ್ಯಾಹ್ನ ಬ್ಯಾಂಕಿನೋರು ಒಬ್ರು ಬರ್ತಾರೆ. ಗಂಡ ಹೆಂಡ್ತಿ ಇಬ್ರೇ. ಅವರು ನೋಡಿದ ಮೇಲೆ ನಿಮಗೆ ಹೇಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಮಗಳು ನಮ್ಮ ಲೈನಿನಲ್ಲಿ ಆ ಬ್ಯಾಗು ಎತ್ತಿಕೊಂಡು ನಿಂತಿರುತ್ತಾಳೆ. ಈಗಲೇ ಹೇಳಿಬಿಡಿ ಅಮ್ಮಾರೆ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನ ರೂಮಿನಿಂದ ಒಂದು ಸದ್ದು ಬಂತು.

ಕರುಂ.

ಎಲ್ಲರೂ ಆ ಕಡೆ ತಿರುಗಿದೆವು. ಮಳೆಯ ಸದ್ದಿನ ನಡುವೆ ಮತ್ತೆ, ಮೆಲ್ಲಗೆ, ಕರುಂ ಕುರುಂ.

ಅಮ್ಮಾವ್ರು ಬಾಣದ ಹಾಗೆ ಒಳಗೆ ಹೋದರು, ನಾವು ಹಿಂದೆ. ಗೋಡೆಯ ಕಡೆ ಮುಖ ಮಾಡಿ ಮೇಷ್ಟ್ರು ನಿಂತಿದ್ದರು. ಕೈ ಬೆನ್ನ ಹಿಂದೆ, ಮೀಸೆಯ ಮೇಲೆ ಹಪ್ಪಳದ ಚೂರು.

"ಡಾಕ್ಟ್ರು ಏನಂದ್ರು? ಎಣ್ಣೆ ಪದಾರ್ಥ ಮುಟ್ಬಾರ್ದು ಅಂದ್ರಾ ಇಲ್ವಾ?"

"ನಾನು ಗೋಡೆ ನೋಡ್ತಿದ್ದೆ ಕಣೇ," ಅಂದರು ಮೇಷ್ಟ್ರು.

"ಗೋಡೆ ನೋಡಿದ್ರೆ ಕರುಂ ಅಂತದಾ?"

ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಅಷ್ಟೇ ಅಜ್ಜಿ! ಮನೆ ನೋಡೋಕೆ ಬಂದೋರು ಕರಿದ ಹಪ್ಪಳ ರೂಮಿಗೊಂದು ಇಟ್ಟು ಹೋದ್ರೆ, ಇವರು ಬಿಡ್ತಾರಾ? ಮೂರು ತಿಂಗಳಿಂದ ಹಪ್ಪಳದ ಮುಖ ನೋಡಿಲ್ಲ ಇವರು!"

ಮನೆ ಹೋಯಿತು ಅಂದುಕೊಂಡೆ. ಮಗ ಆಗಲೇ ಚಪ್ಪಲಿ ಹುಡುಕುತ್ತಿದ್ದ. ಆಗ ಮೊಮ್ಮಗಳು ಮೇಷ್ಟ್ರ ಹತ್ತಿರ ಹೋಗಿ, ಅವರ ಪಂಚೆಯ ಅಂಚು ಹಿಡಿದು ಕೇಳಿದಳು.

"ತಾತ, ಮೆತ್ತಗಿತ್ತಾ, ಗರಿಗರಿ ಇತ್ತಾ?"

ಅವಳು ಕೇಳಿದ ರೀತಿಗೆ ಮೇಷ್ಟ್ರು ಮೀಸೆ ಒರೆಸಿಕೊಂಡು, ಶಾಲೆಯಲ್ಲಿ ಉತ್ತರ ಹೇಳಿಕೊಡುವವರ ಹಾಗೆ ನೆಟ್ಟಗೆ ನಿಂತರು. "ಗರಿಗರಿ ಇತ್ತು ಮಗು. ಈಗ ಬಾಣಲೆಯಿಂದ ತೆಗೆದ ಹಾಗೆ."

"ಹಂಗಾರೆ ನಾನು ಅರಸೀಕೆರೆಗೆ ಹೋಗಲ್ಲ," ಅಂದು ಮೊಮ್ಮಗಳು ಆ ರೂಮಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಸೊಸೆ ಎಬ್ಬಿಸಲು ಹೋದರೆ ಮೂಟೆಯ ಹಾಗೆ ಭಾರ ಬಿಟ್ಟಳು.

"ಅರಸೀಕೆರೆ ಯಾಕೆ?" ಅಂದರು ಅಮ್ಮಾವ್ರು.

ಸೊಸೆ ಹೇಳಿದಳು. ಸೀಟಿ, ಡಾಕ್ಟರು, ಬ್ಯಾಗು, ಬಸ್ಸು, ಎಲ್ಲ. ನಾನು ಮಿಕ್ಕ ಮೂರು ಹಪ್ಪಳವನ್ನು ಒಂದೊಂದಾಗಿ ತಂದು ಅಮ್ಮಾವ್ರ ಎದುರಿಗೆ ಮುರಿದೆ. ಪಟ್, ಪಟ್, ಪಟ್. ಬಚ್ಚಲಿನ ಪಕ್ಕದ್ದೂ ಪಟ್ಟೆಂದಿತು.

"ಇವರಿಗೇ ಮನೆ ಕೊಡು ಕಣೇ," ಅಂದರು ಮೇಷ್ಟ್ರು.

"ನಿಮಗೆ ಹಪ್ಪಳ ಸಿಗ್ತದೆ ಅಂತ ತಾನೇ?"

"ಮಗೂಗೋಸ್ಕರ."

ಅಮ್ಮಾವ್ರು ಸರ್ರನೆ ತಮ್ಮ ಮನೆಗೆ ಹೋದರು. ಬಾಗಿಲು ಹಾಕಿಕೊಂಡರೇನೋ ಅಂತ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ತಿರುಗಿ ಬಂದಾಗ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಸೊಸೆಗೆ ಹೊಲಿಯಲು ಬೇರೊಂದು ಬ್ಲೌಸಿನ ಬಟ್ಟೆ. ಬೀಗದ ಕೈ ಕೊಡುವ ಮೊದಲು ನನ್ನಿಂದ ಒಂದು ಮಾತು ತೆಗೆದುಕೊಂಡರು. "ಆ ಡಬ್ಬಿ ಇವರ ಕಣ್ಣಿಗೆ ಬೀಳಬಾರ್ದು. ಸುಟ್ಟ ಹಪ್ಪಳ ಆದ್ರೆ ವಾರಕ್ಕೊಂದು. ಕರಿದದ್ದು ಇಲ್ಲ."

"ನಿಮ್ಮಾಣೆಗೂ ಇಲ್ಲ ಅಮ್ಮಾರೆ!" ಅಂದೆ. ಮೇಷ್ಟ್ರು ಕಿಟಕಿಯ ಆಚೆ ಮಳೆ ನೋಡಿದರು.

ಬಾಡಿಗೆಯ ಮಾತು ಮಗ ಆಡಿಕೊಂಡ. ನಾನು ಬಾಲ್ಕನಿಗೆ ಓಡಿ ಮಗಳಿಗೆ ಫೋನು ಹಚ್ಚಿದೆ. "ಎಲ್ಲಿದ್ದೀಯೇ? ಆಲೂರಲ್ಲೇ ಇಳ್ಕೊ! ಮುಂದಕ್ಕೆ ಬರಬ್ಯಾಡ! ಮಗೀನ ಕೊಡಲ್ಲ ನಿಂಗೆ!"

"ಅವ್ವ, ಕಿವಿ ಹೋಯ್ತು ನಂದು! ಮೆತ್ತಗೆ ಹೇಳವ್ವ! ಸಿಕ್ತಾ ಮನೆ?" ಅಂದು ಅವಳು ಬಸ್ಸಿನಲ್ಲೇ ಅಳಲು ಶುರುಮಾಡಿದಳು. ಪಕ್ಕದ ಸೀಟಿನವರು ಯಾರು ಸತ್ತರು ಅಂತ ಕೇಳಿದರಂತೆ.

ಅಮ್ಮಾವ್ರೇ ಅವರ ಒಲೆ, ಅವರ ಪಾತ್ರೆ ಕೊಟ್ಟು ಅವತ್ತೇ ಹಾಲುಕ್ಕಿಸಲು ಹೇಳಿದರು. ಹಾಲು ಉಕ್ಕಿದ ಮೇಲೆ ಮಗ, ಸೊಸೆ ಪಿಕಪ್ಪಿನಲ್ಲಿ ಲೈನಿಗೆ ಹೋಗಿ, ಬೇಕಾದ್ದನ್ನೆಲ್ಲ ಹೇರಿಕೊಂಡು ಸಂಜೆಗೆ ಬಂದರು. ಮಿಷನ್ ಬಂತು, ಹಾಸಿಗೆ ಬಂತು, ಗ್ಯಾಸ್ ಬಂತು, ಕುಕ್ಕರ್ ಬಂತು, ತುಂಬಿಟ್ಟಿದ್ದ ಆ ಬ್ಯಾಗೂ ಬಂತು. ತಟ್ಟೆ ಮಾತ್ರ ಮರೆತಿದ್ದರು. ಆಲೂರಲ್ಲೇ ಇಳಿದು ಬಂದಿದ್ದ ಮಗಳು, ತಾನು ಅರಸೀಕೆರೆಯಿಂದ ತಂದಿದ್ದ ಹುರುಳಿಕಾಳಿನಿಂದ ಸಾರು ಮಾಡಿ, ಅನ್ನ ಮಾಡಿದಳು. ಪಕ್ಕದ ಮನೆಯಿಂದ ಎರಡು ತಟ್ಟೆ ಸಿಕ್ಕಿತು. ಒಂದರಲ್ಲಿ ಮಗಳು ಮತ್ತು ಮೊಮ್ಮಗಳು, ಒಂದರಲ್ಲಿ ಸೊಸೆ, ಪಾತ್ರೆಯ ಮುಚ್ಚಳದಲ್ಲಿ ನಾನು. ಮಗ ಕುಕ್ಕರಿನ ಮುಚ್ಚಳವನ್ನೇ ತಿರುಗಿಸಿ ತೊಡೆಯ ಮೇಲೆ ಇಟ್ಟುಕೊಂಡ. ಸೀಟಿ ತೆಗೆದ ತೂತಿನಿಂದ ಬಿಸಿ ಸಾರೆಲ್ಲ ಅವನ ಪಂಚೆಗೆ ಇಳಿಯಿತು. ಅವನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಮೇಲೆ ಬಂದು ಪರಿಚಯ ಮಾಡಿಕೊಂಡು ಹೋದರು.

ಮೊಮ್ಮಗಳು ಅನ್ನ ಬಾಯಲ್ಲಿಟ್ಟುಕೊಂಡೇ ನನ್ನ ತೊಡೆಗೆ ಒರಗಿ, "ಅಜ್ಜೀ, ಅಪ್ಪನ ಕುಕ್ಕರ್‌ಗೂ ಸೀಟಿ ಇಲ್ಲ, ನನ್ನ ಕುಕ್ಕರ್‌ಗೂ ಸೀಟಿ ಇಲ್ಲ," ಅಂದಳು.

ಕಿವಿ ಇಟ್ಟು ಕೇಳಿದೆ. ಆ ಹೊತ್ತಿಗೆ ನಿಜವಾಗಿಯೂ ಇರಲಿಲ್ಲ. "ಇನ್ನೊಂದು ತುತ್ತು ತಿನ್ನು," ಅಂದೆ. ಗೋಡೆಯ ಆಚೆಯಿಂದ ಸುಟ್ಟ ಹಪ್ಪಳದ ಸದ್ದು ಒಂದು ಸಲ ಬಂತು. ಈ ಕಡೆ ಐದು ಜನ ನಗುತ್ತಾ, ಮಗನಿಗೆ ಸಾರು ಬಡಿಸಲು ಜಾಗ ಹುಡುಕುತ್ತಾ ಊಟ ಮಾಡಿದೆವು.