ಕೊಳೆಯದ ಮಣ್ಣಿನ ಗೋಡೆ

ಭತ್ತದ ಬೂಷ್ಟು ರೋಗಕ್ಕೆ ಬಂದ ಹೊಸ ಔಷಧ ಮಾರಲು ತುರ್ವಿಹಾಳದ ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಕಿವಿಯೆಲ್ಲ ಸಿಂಧನೂರಿನ ಬಸ್ಸಿನ ಕಡೆಗೆ.

"ಬೂಷ್ಟನ್ನ ಹೆಂಗ ಕೊಲ್ತದ ಹೇಳ್ರಿ, ಆಮ್ಯಾಲ ಗದ್ದಿಗೆ ನಿಮ್ಮ ಎಣ್ಣಿ ಹೊಡಸ್ತೀನಿ," ಎಂದಳು ಗದ್ದೆಯ ಒಡತಿ ಶಂಕ್ರಮ್ಮ.

ಬೂಷ್ಟಿನ ಜೀವಕೋಶದ ಪೊರೆಗೆ ಸ್ಟೆರಾಲ್ ಎಂಬ ಕೊಬ್ಬು ಬೇಕು, ಔಷಧ ಅದನ್ನು ಪೂರ್ತಿ ತಯಾರಾಗಲು ಬಿಡುವುದಿಲ್ಲ, ಅರೆಬರೆ ಸ್ಟೆರಾಲ್ ಪೊರೆಯಲ್ಲಿ ಸರಿಯಾಗಿ ಕೂರದೆ ಪೊರೆ ಸೋರುತ್ತದೆ ಎಂದು ಮೂರು ಸಲ ಹೇಳಿದೆ. ಮೂರನೆಯ ಸಲ ಮುಗಿಯುವಷ್ಟರಲ್ಲಿ ಬಸ್ಸು ಹೋಯಿತು.

"ಅಂದ್ರ ಮಣ್ಣಿಗೆ ಹುಲ್ಲು ಕಲಸಿ, ನಾಕ ದಿನ ಕೊಳಿಯಾಕ ಬಿಡದನ ಗ್ವಾಡಿಗೆ ಮೆತ್ತಿದಂಗ. ನೋಡಾಕ ಮಣ್ಣ, ನೀರು ತಡಿಯಂಗಿಲ್ಲ."

ಹೌದೆಂದು ತಲೆಯಾಡಿಸಿದೆ.

"ಇಷ್ಟ ಹೇಳಾಕ ಬಸ್ಸ ಬಿಟ್ರೇನ್ರೀ?"

ಮರುದಿನ ಮಸ್ಕಿಯ ರೈತರ ಮುಂದೆ ಸ್ಟೆರಾಲಿನ ಸುದ್ದಿಯೇ ಎತ್ತದೆ ಶಂಕ್ರಮ್ಮನ ಮಣ್ಣನ್ನೇ ಮೆತ್ತಿದೆ. ಬಸ್ಸು ಸಿಕ್ಕಿತು.