ಮುಟ್ಟಬಾರದ ಕಲ್ಲು

ನಗರದ ಪಾರ್ಕಿನಲ್ಲಿರುವ ಜಪಾನಿನ ಹಳೆಯ ಕಲ್ಲು ಪಗೋಡ ತೋರಿಸಲೆಂದು ಅಪ್ಪನನ್ನು ದೇವನಹಳ್ಳಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ನಮ್ಮ ಕಡೆಯ ಬಂಡೆಗಳಲ್ಲಿ ನಲವತ್ತು ವರ್ಷ ಉಳಿ ಹಿಡಿದು ಬದುಕಿದ ಮನುಷ್ಯ. ಪಕ್ಕದ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಕೆಳಗಿನ ಅಂತಸ್ತಿನ ಮೇಲೆ ಅಂಗೈ ಸವರಿ, "ಇದನ್ನ ಕೆತ್ತಿದೋನು ಎಡಗೈಯೋನು ಕಣಪ್ಪಾ. ಉಳಿ ಗೆರೆಯೆಲ್ಲ ಆ ಕಡೆಯಿಂದ ಬಂದೈತೆ ನೋಡು" ಎಂದ.

ಅಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತಾ ಓಡಿಬಂದ. "ಏ ತಾತ, ಮುಟ್ಬೇಡ! ಕೈ ಜಿಡ್ಡು ಹತ್ಕೊಂಡ್ರೆ ಕಲ್ಲು ಹಾಳಾಗೋಗುತ್ತೆ. ಬೋರ್ಡ್ ಓದೋಕೆ ಬರಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಅದೇ ಪಗೋಡದ ಪೀಠದ ಮೇಲೆ, ಮದುವೆಗೆ ಮುಂಚಿನ ಫೋಟೋಗೆಂದು ಬಂದ ಜೋಡಿಯೊಂದು ಶೂ ಹಾಕಿಕೊಂಡೇ ಹತ್ತಿ ನಿಂತಿತ್ತು. ಅವರಿಗೆ ಸೀಟಿ ಇಲ್ಲ. ಎರಡನೇ ಅಂತಸ್ತಿನ ಮೂಲೆ ಯಾವಾಗಲೋ ಮುರಿದಿತ್ತು. ಯಾರೋ ಅದಕ್ಕೆ ಸಿಮೆಂಟ್ ಮೆತ್ತಿ, ತಮ್ಮ ಬೆರಳ ಗುರುತುಗಳನ್ನೂ ಒರೆಸದೆ ಹೋಗಿದ್ದರು. ಇಷ್ಟನ್ನೂ ಅವನ ಮುಖಕ್ಕೆ ಹೇಳಬೇಕಿತ್ತು. ಹೇಳಿದೆನೇ? ಜನ ತಿರುಗಿ ನೋಡುತ್ತಿದ್ದಾರೆಂದು ನಾಚಿಕೊಂಡು, "ಸಾಕು ಬಾಪ್ಪಾ" ಎಂದು ಅಪ್ಪನ ಕೈಯನ್ನೇ ಹಿಡಿದು ಎಳೆದೆ. ಆ ಎಳೆತ ನೆನಪಾದರೆ ಕಾವಲುಗಾರನಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ.

ಅಪ್ಪ ಕೈ ಬಿಡಿಸಿಕೊಂಡ. ಸಿಮೆಂಟಿನಲ್ಲಿ ಒಣಗಿದ್ದ ಆ ಬೆರಳ ಗುರುತುಗಳನ್ನು ತೋರಿಸಿ ಕಾವಲುಗಾರನನ್ನು ಕೇಳಿದ:

"ಇಲ್ಲಿ ಕೈ ಇಟ್ಟೋನಿಗೆ ಅವತ್ತು ನೀನು ಸೀಟಿ ಊದ್ಲಿಲ್ವೇನಪ್ಪಾ?"