ಎರಡು ಬ್ರೇಕಿನ ಕಾರು

ಐವತ್ತು ದಾಟಿದ ಮೇಲೆ ಕಾರು ಕಲಿಯಲು ಹೋಗಬಾರದು. ಹೋದರೂ ನಾಲ್ಕು ಜನ ಗುರುತು ಹಿಡಿಯುವ ಬೀದಿಯಲ್ಲಿ ಕಲಿಯಬಾರದು. ಈ ಜ್ಞಾನೋದಯ ನನಗಾದದ್ದು, ನಾನು ಓಡಿಸುತ್ತಿದ್ದ ಕಾರಿನ ಎಡಗಡೆಯ ಮುಂದಿನ ಚಕ್ರ ನನ್ನ ಖಾಯಂ ಕ್ಷೌರದಂಗಡಿಯ ಮೆಟ್ಟಿಲು ಹತ್ತಿ, ಹೊರಗೆ ನಿಲ್ಲಿಸಿದ್ದ ಆಳೆತ್ತರದ ಬೋರ್ಡನ್ನು ಮಕಾಡೆ ಮಲಗಿಸಿದ ಮೇಲೆ. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೊಬ್ಬರು ಕೊರಳಿಗೆ ಸುತ್ತಿದ ಬಟ್ಟೆಯ ಸಮೇತ ಹೊರಗೆ ಓಡಿಬಂದರು. ನೋಡಿದರೆ ನಮ್ಮ ಆಫೀಸಿನ ದೊಡ್ಡ ಸಾಹೇಬರು. ಅವರ ಹಿಂದೆಯೇ ಬಂದ ಅಂಗಡಿಯವನು ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸಾರ್, ಸಾಮಾನ್ಯವಾಗಿ ಜನ ಕಾರಿಂದ ಇಳಿದು ಒಳಗೆ ಬರ್ತಾರೆ" ಅಂದ.

ನಾನು ಸ್ಟಿಯರಿಂಗ್ ಹಿಂದೆ ಅಡಗಿಕೊಳ್ಳಲು ನೋಡಿದೆ. ನನ್ನ ಗಾತ್ರಕ್ಕೆ ಆ ಸ್ಟಿಯರಿಂಗ್ ಸಾಲಲಿಲ್ಲ.

ನನ್ನ ಎಡಕ್ಕೆ ಕೂತಿದ್ದವರು ಡ್ರೈವಿಂಗ್ ಮೇಡಂ. ಈ ಭಾಗದಲ್ಲಿ ಕಾರು ಓಡಿಸುವ ಅರ್ಧ ಜನ ಅವರ ಶಿಷ್ಯರು. ಮಿಕ್ಕ ಅರ್ಧ ಜನ ಆ ಶಿಷ್ಯರಿಂದ ತಪ್ಪಿಸಿಕೊಂಡು ಬದುಕಿದವರು. ಕಲಿಸುವ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಶಿಷ್ಯ ಕೈಬಿಟ್ಟ ಕಡೆ ಗುರುವಿನ ಕಾಲು ಹಿಡಿಯುತ್ತದೆ. ಮೇಡಂಗೆ ಮೈಯೆಲ್ಲ ಕಣ್ಣು ಎಂಬ ಮಾತು ಆ ಬ್ರೇಕಿನಿಂದಲೇ ಹುಟ್ಟಿದ್ದು. ಇವತ್ತು ಮಾತ್ರ ಅವರು ಬ್ರೇಕ್ ಒತ್ತಿದ್ದು ಬೋರ್ಡು ಬಿದ್ದ ಮೇಲೆ. ಇಳಿದು ಹೋಗಿ ಬೋರ್ಡು ಎತ್ತಿ ನಿಲ್ಲಿಸಿದರು. "ತಪ್ಪು ನಂದೇ" ಎಂದು ಅಂಗಡಿಯವನಿಗೆ ಹೇಳಿದರು. ದೊಡ್ಡವರ ದೊಡ್ಡ ಮಾತು ಅಂದುಕೊಂಡೆ.

ಅವರ ಶಾಲೆ ಎಂದರೆ ಒಂದೇ ಕೋಣೆ. ಗೋಡೆ ತುಂಬ ರಸ್ತೆಯ ಗುರುತುಗಳ ಚಿತ್ರ, ಒಂದು ಮೇಜು, ಮೇಜಿನ ಹಿಂದೆ ಮೇಡಂ ಅವರ ಗಂಡ. ಫೋನು, ಕಾಗದಪತ್ರ, ಕಾರು ತೊಳೆಯುವುದು ಎಲ್ಲ ಅವರದು. ರಸ್ತೆ ದಾಟುವ ಮೊದಲು ಎರಡೂ ಕಡೆ ನೋಡಿ, ಮತ್ತೆ ಆಕಾಶವನ್ನೂ ನೋಡುವ ಮನುಷ್ಯ. ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಹೆಂಡತಿಯನ್ನು ಅವರು ಮನೆಯಲ್ಲೂ ಮೇಡಂ ಎಂದೇ ಕರೆಯುತ್ತಾರೆ. ಆಕೆ ಕರೆಯುವುದು ಎಲ್ಲ ಹೆಂಡಂದಿರ ಹಾಗೆ, "ರೀ."

ಅಂದು ಬಂಪರಿನ ಗೀರು ಒರೆಸುತ್ತಾ ನಿಧಾನಪ್ಪನವರು ನನ್ನನ್ನು ಮೆಲ್ಲಗೆ ಕೇಳಿದರು. "ಯಾವ ಕಡೆ ಸಾರ್ ಬೋರ್ಡು ಇದ್ದಿದ್ದು?"

"ಎಡಗಡೆ."

"ಮೇಡಂ ಕಡೆಯೇ?"

"ಹೌದು. ಆದರೆ ನಂದೇ ತಪ್ಪು, ನಾನು…"

"ನಿಮ್ಮ ತಪ್ಪು ಯಾರು ಕೇಳಿದ್ರು ಸಾರ್. ನೀವು ತಪ್ಪು ಮಾಡೋಕೆ ಅಂತಲೇ ಫೀಸು ಕಟ್ಟಿರೋದು." ಅವರ ಕೈಯ ಒದ್ದೆ ಬಟ್ಟೆ ನಿಂತಲ್ಲೇ ನಿಂತಿತ್ತು. "ಮೊನ್ನೆ ಅಡುಗೆಮನೆ ಬಾಗಿಲಿಗೆ ಎಡಭುಜ ಬಡಿಸ್ಕೊಂಡ್ರು. ಆಚೆ ವಾರ ಲೋಟ ಬಿಟ್ಟು ಪಕ್ಕಕ್ಕೆ ನೀರು ಸುರಿದ್ರು. ಕೇಳಿದ್ರೆ, ಲೋಟ ನೀವೇ ಸರಿಸಿದ್ರಿ ಅಂತಾರೆ."

ಮೇಡಂಗೆ ಎಡಗಡೆ ಕಾಣುತ್ತಿಲ್ಲವೆಂದರೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲವೆಂದರೆ ಶಾಲೆ ಇಲ್ಲ. ಇಬ್ಬರ ಹೊಟ್ಟೆಗೂ ಅದೊಂದೇ ಕಾರು. ನಿಧಾನಪ್ಪನವರಿಗೂ ಲೈಸೆನ್ಸ್ ಇತ್ತು, ನಿಜ. ಆದರೆ ಮದುವೆಯಾದಾಗಿನಿಂದ ಅವರು ಸ್ಟಿಯರಿಂಗ್ ಮುಟ್ಟುತ್ತಿದ್ದುದು ಧೂಳು ಒರೆಸುವುದಕ್ಕೆ ಮಾತ್ರ.

ಕಣ್ಣು ತೋರಿಸಲು ಮೇಡಂ ಸುಲಭಕ್ಕೆ ಒಪ್ಪಲಿಲ್ಲ. "ಇವರಿಗೆ ಹೆದರಿಕೆ ಆದಾಗೆಲ್ಲ ಡಾಕ್ಟರ ಹತ್ತಿರ ಹೋಗಬೇಕು ಅಂದ್ರೆ, ನಾವು ಅಲ್ಲೇ ಬಾಡಿಗೆ ಮನೆ ಹಿಡೀಬೇಕು" ಅಂದರು. ಕೊನೆಗೆ ಹೊರಟರು, ಕಾರು ತಾವೇ ಓಡಿಸಿಕೊಂಡು. ನಿಧಾನಪ್ಪನವರು ಧೈರ್ಯಕ್ಕಿರಲಿ ಎಂದು ನನ್ನನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ಹುಲ್ಲುಕಡ್ಡಿಗೆ ಏನು ಆಸರೆ ಎಂದು ಯಾರೂ ಕೇಳುವುದಿಲ್ಲ.

ಕಣ್ಣಿನ ಡಾಕ್ಟರ ಕೋಣೆಗೂ ನಮ್ಮ ಬೆಂಚಿಗೂ ನಡುವೆ ಒಂದು ಹಸಿರು ಪರದೆ. ಒಳಗೆ ಒಂದು ಯಂತ್ರ. ಅದಕ್ಕೆ ಗದ್ದ ಊರಿ ಕೂರಬೇಕು. ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿಣುಕುತ್ತದೆ, ಕಂಡಾಗ ಕೈಯ ಗುಂಡಿ ಒತ್ತಬೇಕು. ಒತ್ತಿದಾಗಲೆಲ್ಲ ಟಿಕ್ ಎಂಬ ಸದ್ದು ಪರದೆ ದಾಟಿ ಬರುತ್ತಿತ್ತು. ಬಲಗಣ್ಣಿನ ಸರದಿಯಲ್ಲಿ ಟಿಕ್ ಟಿಕ್ ಎಂದು ಮಳೆಹನಿಯಂತೆ ಬಂತು. ಎಡಗಣ್ಣಿಗೆ ಬಂದಾಗ ಒಂದೊಂದು ಸಲ ತುಂಬ ಹೊತ್ತು ಏನೂ ಇಲ್ಲ.

"ಈಗ ಒತ್ತಿದ್ರಾ ಸಾರ್?" ನಿಧಾನಪ್ಪನವರು ಪಿಸುಗುಟ್ಟಿದರು.

"ಒತ್ತಿರಬೇಕು. ನಾನು ಕೆಮ್ಮಿದಾಗ."

"ಯಾಕೆ ಕೆಮ್ಮಿದ್ರಿ ಸಾರ್."

ಅವರ ಗಮನ ಬೇರೆ ಕಡೆ ತಿರುಗಿಸದಿದ್ದರೆ ಇವರನ್ನೂ ಒಳಗೆ ಮಲಗಿಸಬೇಕಾಗುತ್ತದೆ ಅನ್ನಿಸಿತು. "ಅಲ್ಲ, ನಿಮ್ಮಿಬ್ಬರಿಗೂ ಬ್ರಹ್ಮಗಂಟು ಬಿದ್ದದ್ದು ಹೇಗೆ?" ಎಂದು ಕೇಳಿದೆ.

"ನಾನು ಅವರ ಸ್ಟೂಡೆಂಟು ಸಾರ್. ಒಂದು ತಿಂಗಳು ಕಲಿತೆ. ಎಲ್ಲಿ ಬೇಕೋ ಅಲ್ಲಿ ಬೆಣ್ಣೆ ಹಾಗೆ ನಿಲ್ಲಿಸ್ತಿದ್ದೆ. ಬ್ರೇಕಲ್ಲಿ ನನ್ನ ಮೀರಿಸೋರಿಲ್ಲ ಅಂತ ಜಂಬ ಬಂದಿತ್ತು. ಟೆಸ್ಟಿನ ದಿನ ಮೇಡಂ ಸೀಟಲ್ಲಿ ಇನ್‌ಸ್ಪೆಕ್ಟರು ಕೂತ್ರು. ಅವರು ಕಾಲು ಅಲ್ಲಾಡಿಸಲಿಲ್ಲ. ಕಾರು ಸೀದಾ ಹೋಗಿ ಹಳೇ ಟೈರಿನ ಗುಡ್ಡೆಗೆ ನುಗ್ತು. ಒಂದು ಟೈರು ಉರುಳ್ಕೊಂಡು ಅವರ ಆಫೀಸಿನ ಒಳಗೇ ಹೋಯ್ತು."

"ಆಮೇಲೆ?"

"ಕೆಂಡಾಮಂಡಲ ಆಗಿ ಮೇಡಂ ಹತ್ತಿರ ಬಂದು, ನಿಮ್ಮ ಕಾರಿನ ಬ್ರೇಕ್ ಕೆಟ್ಟಿದೆ ಅಂದೆ. ಬ್ರೇಕ್ ಚೆನ್ನಾಗಿದೆ, ತಿಂಗಳಿಂದ ಒತ್ತಿದ್ದು ನಾನು, ಅಂದ್ರು. ನಾನು ಹೆದರ್ತೀನಿ ಅಂತ, ನನಗಿಂತ ಮುಂಚೆ ಅವರೇ ಮೆಲ್ಲಗೆ ಒತ್ತಿಬಿಡ್ತಿದ್ರಂತೆ. ಕನಿಕರಪಟ್ಟು ನಿಮ್ಮನ್ನ ಹಾಳು ಮಾಡ್ದೆ, ತಪ್ಪು ನಂದೇ, ನಾಳೆ ಬನ್ನಿ ಅಂದ್ರು. ಮಾರನೇ ದಿನ ಏನು ಮಾಡಿದ್ರು ಗೊತ್ತಾ? ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ರು. ಮಡಿಲಲ್ಲಿ ಒಂದು ಮೊರ, ಮೊರದಲ್ಲಿ ಹಸಿ ಬಟಾಣಿ. ಮಾರ್ಕೆಟ್ ರೋಡಿಗೆ ಬಿಡಿ ಅಂದು ಸುಲಿಯೋಕೆ ಶುರು ಮಾಡಿದ್ರು."

"ಮಾರ್ಕೆಟ್ ರೋಡಿಗೆ?"

"ಸಂತೆ ಹೊತ್ತು ಸಾರ್. ನಾನು ಬೆವರಲ್ಲಿ ಸ್ನಾನ ಮಾಡಿದ್ದೆ. ಅವರು ತಲೆ ಎತ್ತಲಿಲ್ಲ. ವಾಪಸ್ ಬಂದಾಗ ಒಂದು ಕಾಳೂ ಕೆಳಗೆ ಬಿದ್ದಿರಲಿಲ್ಲ." ನಿಧಾನಪ್ಪನವರು ಪರದೆಯನ್ನೇ ನೋಡುತ್ತಿದ್ದರು. "ನನ್ನಪ್ಪ ನನ್ನ ಕೈಗೆ ಸೈಕಲ್ಲೂ ಕೊಟ್ಟೋರಲ್ಲ. ನಮ್ಮಮ್ಮ, ಹಾಲಿನ ಪಾತ್ರೆ ಅವನ ಕೈಗೆ ಕೊಡಬೇಡಿ ಅನ್ನೋಳು. ಈ ಹೆಂಗಸು ಜೀವಾನೇ ನನ್ನ ಕೈಗೆ ಕೊಟ್ಟು ಬಟಾಣಿ ಸುಲೀತಾ ಕೂತಿದ್ರಲ್ಲ. ಗಾಡಿ ನಿಲ್ಲಿಸಿದವನೇ ಮದುವೆ ಆಗ್ತೀರಾ ಅಂತ ಕೇಳ್ಬಿಟ್ಟೆ. ಮೊದಲು ಇಂಡಿಕೇಟರ್ ಆಫ್ ಮಾಡಿ ಅಂದ್ರು."

ನನ್ನ ಹೆಂಡತಿ ನಾನು ಸ್ನಾನಕ್ಕೆ ಹೋದರೂ ಜಾರಬೇಡಿ ಎಂದು ಕೂಗಿ ಹೇಳುವವಳು. ಅದೂ ಪ್ರೀತಿಯೇ ಇರಬೇಕು. ಆದರೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಒಳಗೆ ಕರೆದರು. ಮೇಡಂ ಕಣ್ಣಿಗೆ ಪಾಪೆ ಅಗಲವಾಗುವ ಔಷಧಿ ಬಿಟ್ಟು ಡಾಕ್ಟರು ಕಣ್ಣಿನ ಹಿಂದಿನ ನರವನ್ನೂ ನೋಡಿ ಮುಗಿಸಿದ್ದರು.

"ಎಡಗಣ್ಣಲ್ಲಿ ಪಕ್ಕದ ನೋಟ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ. ದಿನಾ ಡ್ರಾಪ್ಸ್ ಹಾಕಿದ್ರೆ ಉಳಿದಿದ್ದು ಉಳಿಯುತ್ತೆ" ಎಂದರು ಡಾಕ್ಟರಮ್ಮ. "ಕಲಿಯೋರ ಪಕ್ಕ ಕೂತು ಕಲಿಸೋದು ಇನ್ನು ಬೇಡ."

ಮೇಡಂ ಕರಿ ಕನ್ನಡಕ ಏರಿಸಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬೆರಳುಗಳು ಒಂದನ್ನೊಂದು ಹಿಚುಕುತ್ತಿದ್ದವು. ಅವರಿಗೂ ಹೆದರಿಕೆ ಇದೆ ಎಂದು ನಾನು ಮೊದಲ ಸಲ ಕಂಡೆ.

"ಸರಿ" ಎಂದರು ಕೊನೆಗೆ. "ಇನ್ನು ಇವರು ಕಲಿಸ್ತಾರೆ."

"ನಾನಾ?" ನಿಧಾನಪ್ಪನವರ ದನಿ ಬಾವಿಯೊಳಗಿಂದ ಬಂದಂತಿತ್ತು. "ಮೇಡಂ, ನನಗೆ ಭಯ ಆಗುತ್ತೆ."

"ಕಲಿಯೋಕೆ ಬರೋರಿಗೂ ಆಗುತ್ತೆ. ಎಲ್ಲೆಲ್ಲಿ ಆಗುತ್ತೆ ಅಂತ ನಿಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಕಲಿಸೋರಿಗೂ ಒಂದು ಪರೀಕ್ಷೆ ಇದೆ, ಓದಿಸ್ತೀನಿ. ಫೋನು ನಾನು ನೋಡ್ಕೋತೀನಿ. ಏಳಿ, ಕೀ ತಗೊಳ್ಳಿ."

ಅವರು ಕೀ ತೆಗೆದುಕೊಂಡರು. ಗಂಡನ ತೋಳು ಹಿಡಿದು ಮೇಡಂ ಕಾರಿನ ತನಕ ಬಂದರು, ಬಾಗಿಲು ತಡವಿ ಕೂತರು. ನಿಧಾನಪ್ಪನವರು ಕನ್ನಡಿ ಸರಿಮಾಡಿದರು, ಸೀಟು ಸರಿಮಾಡಿದರು, ಮತ್ತೆ ಕನ್ನಡಿ ಸರಿಮಾಡಿದರು. ಕಾರು ಒಮ್ಮೆ ಜಿಗಿದು ನಿಂತಿತು. ಇನ್ನೊಮ್ಮೆ ಜಿಗಿದು ರಸ್ತೆಗೆ ಇಳಿಯಿತು. ಎದುರಿನಿಂದ ಒಂದು ಲಾರಿ ಹಾರ್ನ್ ಮಾಡುತ್ತಾ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು ಜೀವ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದೆ.

"ಮೇಡಂ, ನಿಮಗೆ ಭಯ ಆಗ್ತಿಲ್ವಾ?"

"ಔಷಧಿ ಬಿಟ್ಟಿದ್ದಾರಲ್ಲ ಸಾರ್, ಸಂಜೆವರೆಗೂ ಏನೂ ಕಾಣಲ್ಲ" ಅಂದರು ಮೇಡಂ. "ಭಯ ಏನಿದ್ರೂ ಆರು ಗಂಟೆ ಮೇಲೆ."